ಕಾಮನ್ ಎಂದರೆ ಪರಂಬೋಕು

ನಾನು ಎಂದೂ ಕಾಲಿಡದ ಒಂದು ಇಂಗ್ಲಿಷ್ ಹಳ್ಳಿಯ ಬಗ್ಗೆ ನನಗೆ ಗೊತ್ತಿರುವಷ್ಟು ಬಹುಶಃ ಈಗ ಅಲ್ಲಿ ವಾಸವಾಗಿರುವವರಿಗೂ ಗೊತ್ತಿರಲಾರದು. ಅದರ ಚರ್ಚಿನ ಗೋಪುರದಲ್ಲಿ ಆರು ಗಂಟೆಗಳು. ಐದನೆಯದು ಬಿರುಕು ಬಿಟ್ಟು, ಹೊಡೆದಾಗಲೆಲ್ಲ ಕೆಮ್ಮಿದ ಹಾಗೆ ಕೇಳಿಸುತ್ತಿತ್ತು. ಗೋಪುರದ ಎದುರು ಹುಲ್ಲುಹಾಸು, ಅದಕ್ಕೆ ವಿಲೇಜ್ ಗ್ರೀನ್ ಎಂದು ಹೆಸರು. ಗ್ರೀನಿನ ಮೂಲೆಯಲ್ಲಿ ಬಾತುಕೋಳಿಗಳ ಹೊಂಡ. ಹೊಂಡದ ಆಚೆ ಕಮ್ಮಾರನ ಕುಲುಮೆ, ಕುಲುಮೆಯ ಎದುರು ಬಿಳಿ ಜಿಂಕೆಯ ಬೋರ್ಡ್ ತೂಗುಹಾಕಿದ ಇನ್ ಎಂಬ ಹೆಂಡದಂಗಡಿ. ಕೊಯ್ಲು ಮುಗಿದ ಮೇಲೆ ಒಂದು ದೊಡ್ಡ ಕಣಜದಲ್ಲಿ ಊರಿಗೆ ಊರೇ ಕೂತು ಉಣ್ಣುತ್ತಿತ್ತು. ಮೇ ತಿಂಗಳ ಮೊದಲ ದಿನ ಒಂದು ಕಂಬ ನೆಟ್ಟು, ಅದಕ್ಕೆ ರಿಬ್ಬನ್ ಕಟ್ಟಿ, ಹುಡುಗಿಯರು ಸುತ್ತುತ್ತಿದ್ದರು. ಬಲಕ್ಕೆ ಮೂರು ಸುತ್ತು, ಎಡಕ್ಕೆ ಮೂರು ಸುತ್ತು.

ಬೆಳಗಿನ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದು ಈಗ ನನಗೆ ಹನ್ನೊಂದು ಗಂಟೆಗೆ ಮರೆತಿರುತ್ತದೆ. ಆ ಬಿರುಕು ಗಂಟೆ ಮರೆಯುವುದಿಲ್ಲ. ಇದಕ್ಕಿಂತ ಸಿಟ್ಟು ಬರುವ ಸಂಗತಿ ಇನ್ನೊಂದಿದೆಯೇ? ನನ್ನ ಅಪ್ಪ ಹುಟ್ಟಿದ ಊರಿನಲ್ಲಿ, ಕುಂದಾಪುರದ ಕಡೆ, ಎಷ್ಟು ಮನೆಗಳಿದ್ದವು ಎಂದು ಕೇಳಿ, ಗೊತ್ತಿಲ್ಲ. ದೇವಸ್ಥಾನದ ಬಾಗಿಲು ಯಾವ ದಿಕ್ಕಿಗೆ? ಗೊತ್ತಿಲ್ಲ. ನನ್ನ ತಲೆಯಲ್ಲಿ ಜಾಗ ಇದ್ದದ್ದೇ ಅಷ್ಟು. ಆ ಜಾಗವನ್ನು ಬೇರೆ ಯಾರೋ ಮೊದಲೇ ಬಂದು ಅಳತೆ ಮಾಡಿಕೊಂಡು ಹೋಗಿದ್ದರು.

ಆ ಹಳ್ಳಿ ನಮ್ಮ ಹಿಸ್ಟರಿ ಸಿಸ್ಟರ್ ಅವರದು. ಮದರಾಸಿನ ಉತ್ತರ ಭಾಗದಲ್ಲಿದ್ದ ಒಂದು ಕಾನ್ವೆಂಟಿನಲ್ಲಿ ನಾನು ಓದಿದೆ. ಮನೆ ತಿರುವೊಟ್ಟಿಯೂರಿನಲ್ಲಿ. ಅಪ್ಪನ ಹೋಟೆಲ್ ಅಲ್ಲಿಯ ಹೈರೋಡಿನಲ್ಲಿತ್ತು. ಹೋಟೆಲ್ ಎಂದರೆ ಎಂಟು ಮೇಜು, ಇಡ್ಲಿ, ವಡೆ, ಪೊಂಗಲ್, ಮಧ್ಯಾಹ್ನ ಸಾಪಾಟು, ಅಷ್ಟೇ. ಫ್ಯಾಕ್ಟರಿಗಳ ಗುಮಾಸ್ತರೆಲ್ಲ ಬರುತ್ತಿದ್ದರು. ನಾನು ಬೆಳಿಗ್ಗೆ ಬಸ್ ಹತ್ತಿ ಸ್ಕೂಲಿಗೆ ಹೋಗುವಾಗ ಕಾಸಿಮೇಡಿನಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸರು ಹತ್ತುತ್ತಿದ್ದರು. ನಮ್ಮದು ಶುದ್ಧ ವೆಜಿಟೇರಿಯನ್ ಹೋಟೆಲ್, ಈರುಳ್ಳಿಗೂ ದಿನ ನೋಡುವ ಮನೆ; ಆದರೆ ಅಸೆಂಬ್ಲಿಯಲ್ಲಿ ನಿಂತ ನನ್ನ ಯೂನಿಫಾರ್ಮಿನಿಂದ ಬರುತ್ತಿದ್ದದ್ದು ಮೀನಿನ ವಾಸನೆ. ಪಕ್ಕದ ಹುಡುಗಿಯರು ಒಂದು ಹೆಜ್ಜೆ ಸರಿದು ನಿಲ್ಲುತ್ತಿದ್ದರು.

ಕೀಳು ಎನಿಸಿದ್ದಕ್ಕೆಲ್ಲ ಸಿಸ್ಟರ್ ಅವರಿಗೆ ಒಂದು ಮಾತು ಬಲು ಪ್ರಿಯವಾಗಿತ್ತು. ಕಾಮನ್. ತಲೆಗೆ ಎಣ್ಣೆ ಜಾಸ್ತಿ ಹಚ್ಚಿಕೊಂಡು ಬಂದರೆ, "ಸೋ ಕಾಮನ್." ಕನಕಾಂಬರ ಮುಡಿದರೆ, ಕಾಮನ್. 'ಅಯ್ಯೋ' ಎಂದರೆ, ಹುಣಸೆಹಣ್ಣು ಚೀಪಿದರೆ, ಗಟ್ಟಿಯಾಗಿ ನಕ್ಕರೆ, ಕಾರಿಡಾರಿನಲ್ಲಿ ತಮಿಳಿನ ಒಂದು ಶಬ್ದ ಬಾಯಿಂದ ಬಿದ್ದರೆ, "ಡೋಂಟ್ ಬಿ ಕಾಮನ್, ಚೈಲ್ಡ್." ಅವರು ಹೊಡೆಯುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ಆ ಒಂದು ಶಬ್ದವನ್ನು ಮೃದುವಾಗಿ, ಕರವಸ್ತ್ರದಿಂದ ನಮ್ಮ ಮೂಗು ಒರೆಸಿದ ಹಾಗೆ ಹೇಳುತ್ತಿದ್ದರು. ಸಾಯುವಷ್ಟು ನಾಚಿಕೆಯಾಗುತ್ತಿತ್ತು. ಮತ್ತು ನಾನು ಅವರನ್ನು ಪ್ರೀತಿಸುತ್ತಿದ್ದೆ. ಅದನ್ನೂ ಬರೆದುಬಿಡಬೇಕು, ಬರೆಯದಿದ್ದರೆ ಸುಳ್ಳಾಗುತ್ತದೆ. ಅವರ ಬಿಳಿ ಅಂಗಿಯ ಗಂಜಿಯ ವಾಸನೆ, ಕಪ್ಪು ಹಲಗೆಯ ಮೇಲೆ ಅವರ ಅಕ್ಷರ, 'ವಿಲೇಜ್' ಎನ್ನುವಾಗ ಅವರ ದನಿ ಇಳಿಯುತ್ತಿದ್ದ ರೀತಿ. ಅವರಿಗೆ ಮನೆಯ ನೆನಪು ಕಾಡುತ್ತಿತ್ತು ಎಂದು ಈಗ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಕಡಿಮೆಯಾಗಬೇಕೆಂದೇನೂ ಇಲ್ಲ.

ನಾನು ಸ್ಕೂಲಿನ ಕೊನೆಯ ತರಗತಿಯಾದ ಸಿಕ್ಸ್ತ್ ಫಾರ್ಮಿನಲ್ಲಿದ್ದ ವರ್ಷ, ಐವತ್ತರ ದಶಕ ಮುಗಿಯುತ್ತಾ ಬಂದಿತ್ತು, ಸಿಸ್ಟರ್ ಅವರ ಊರಿನಿಂದ ಒಂದು ದೊಡ್ಡ ಪಾರ್ಸೆಲ್ ಬಂತು. ಊರಿನ ಹೆಂಗಸರ ಸಂಘದವರು ಸೇರಿ ಹಳ್ಳಿಯ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದರು. ಸಂಘದ ಸೆಕ್ರೆಟರಿ ಸಿಸ್ಟರ್ ಅವರ ಸ್ವಂತ ತಂಗಿ. ಹಳೆಯ ಪತ್ರಗಳು, ಚರ್ಚಿನ ದಾಖಲೆಗಳು, ಮುದುಕರು ಹೇಳಿದ ಕತೆಗಳು, ಎಲ್ಲದರ ಟೈಪ್ ಮಾಡಿದ ಪ್ರತಿಗಳು ಆ ಪಾರ್ಸೆಲಿನಲ್ಲಿದ್ದವು. ನಾವು ಅವನ್ನು ಓದಿ, ಒಬ್ಬೊಬ್ಬರು ಹಳ್ಳಿಯ ಒಂದೊಂದು ಭಾಗದ ಬಗ್ಗೆ ಬರೆಯಬೇಕು. ಎಲ್ಲಕ್ಕಿಂತ ಒಳ್ಳೆಯ ಬರಹ ಆ ಪುಸ್ತಕದ ಕೊನೆಯಲ್ಲಿ ಅಚ್ಚಾಗುತ್ತದೆ. ಜೊತೆಗೆ, ಬರೆದ ಹುಡುಗಿಗೆ ಸಿಸ್ಟರ್ ತಮ್ಮ ಕೈಯಿಂದಲೇ ಹೆಣ್ಣುಮಕ್ಕಳ ಕಾಲೇಜಿನ ಪ್ರಿನ್ಸಿಪಾಲರಿಗೆ ಒಂದು ಶಿಫಾರಸು ಪತ್ರ ಕೊಡುತ್ತಾರೆ.

ಆ ಪತ್ರ ನನಗೆ ಬೇಕಾಗಿತ್ತು. ಹೋಟೆಲಿನವರ ಮಗಳಿಗೆ ಆ ಕಾಲೇಜಿನಲ್ಲಿ ಸುಮ್ಮನೆ ಸೀಟು ಸಿಗುತ್ತಿರಲಿಲ್ಲ. ಅಪ್ಪ ಬಾಯಿಬಿಟ್ಟು ಹೇಳಿದ್ದರು: "ಸೀಟು ಸಿಕ್ಕಿದ್ರೆ ಓದು. ಸಿಗದೇ ಹೋದ್ರೆ ಸೇಲಂನ ಹೋಟೆಲಿನವರು ಕೇಳಿದ್ದಾರೆ, ಹುಡುಗ ನೋಡಕ್ಕೆ ಲಕ್ಷಣವಾಗಿದ್ದಾನೆ, ಅಷ್ಟೇ."

ಸಿಸ್ಟರ್ ಹಳ್ಳಿಯ ನಕ್ಷೆಯನ್ನು ಗೋಡೆಗೆ ಅಂಟಿಸಿ, ಹೆಸರು ಕೂಗಿ ಹಂಚಿದರು. ಜಡ್ಜ್ ಸಾಹೇಬರ ಮಗಳಿಗೆ ಊರ ಜಮೀನ್ದಾರರ ಮ್ಯಾನರ್ ಹೌಸ್. ಡಾಕ್ಟರ ಮಗಳಿಗೆ ಚರ್ಚು. ಇನ್ನೊಬ್ಬಳಿಗೆ ಕುಲುಮೆ, ಇನ್ನೊಬ್ಬಳಿಗೆ ಗಿರಣಿ. ನನ್ನ ಹೆಸರು ಬಂದಾಗ ಸಿಸ್ಟರ್ ಅವರ ಕೋಲು ನಕ್ಷೆಯ ಅಂಚಿಗೆ, ಮನೆಗಳೆಲ್ಲ ಮುಗಿದ ಮೇಲಿನ ಒಂದು ಬೋಳು ಜಾಗಕ್ಕೆ ಹೋಯಿತು.

"ಆಂಡ್ ಯು, ಚೈಲ್ಡ್, ದ ಕಾಮನ್."

ಹಿಂದಿನ ಬೆಂಚಿನಿಂದ ನಗು ಹೊರಟು ಮುಂದಿನವರೆಗೂ ಬಂತು. ಇಡೀ ಹಳ್ಳಿಯಲ್ಲಿ ಕಾಮನ್ ಜನರನ್ನು ಇಡುವ ಜಾಗ ಒಂದು ಬೇರೆಯೇ ಇದೆ, ಮೀನಿನ ವಾಸನೆಯ ಹುಡುಗಿಗೆ ಅದು ಸರಿಯಾಗಿ ಸಿಕ್ಕಿದೆ ಎಂದೇ ನಾವೆಲ್ಲರೂ ತಿಳಿದಿದ್ದೆವು. ನಾನೂ ಹಾಗೆಯೇ ತಿಳಿದಿದ್ದೆ. ಸಿಸ್ಟರ್ ಅವರಿಗೆ ನಾವು ಯಾಕೆ ನಗುತ್ತಿದ್ದೇವೆಂದು ಗೊತ್ತಾಗಲೇ ಇಲ್ಲ. "ಸೈಲೆನ್ಸ್! ಡೋಂಟ್ ಬಿ ಕಾಮನ್," ಎಂದರು. ಅದಕ್ಕೆ ಹುಡುಗಿಯರು ಇನ್ನೂ ಜೋರಾಗಿ ನಕ್ಕರು.

ಇಂಟರ್ವಲ್‌ನಲ್ಲಿ ಜಡ್ಜ್ ಮಗಳು ನನ್ನ ಟಿಫಿನ್ ಡಬ್ಬಿಯನ್ನು ನೋಡಿ ಕೇಳಿದಳು. "ಕಾಮನ್‌ನಲ್ಲಿ ಇಡ್ಲಿ ಸಿಗುತ್ತಾಡೀ?"

ನಾನು ಮನೆಗೆ ಬಂದು ಹಿತ್ತಲ ಬಾಗಿಲಲ್ಲಿ ಕೂತು ಅತ್ತೆ. ಹಿತ್ತಲ ಆಚೆ ಆಗ ಬಯಲಿತ್ತು. ಸಮುದ್ರದವರೆಗೂ ಮರಳು, ಅಲ್ಲಲ್ಲಿ ಹುಲ್ಲು. ಮೀನುಗಾರರು ಬಲೆ ಒಣಗಿಸುತ್ತಿದ್ದರು, ನಮಗೆ ಹಾಲು ಹಾಕುತ್ತಿದ್ದ ಹೆಂಗಸು ಎಮ್ಮೆ ಬಿಡುತ್ತಿದ್ದಳು. ಅಜ್ಜಿ, ಅಪ್ಪನ ಅಮ್ಮ, ಅಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಐವತ್ತು ವರ್ಷ ಮದರಾಸಿನಲ್ಲಿ ಕಳೆದರೂ ಅವರ ಮಾತಿನಲ್ಲಿ ಕುಂದಾಪುರ ಒಂದು ಅಕ್ಷರ ಅಲುಗಿರಲಿಲ್ಲ.

"ಎಂತಕ್ಕೆ ಮರ್ಕ್ತೆ ಮಗಾ? ಯಾರ್ ಎಂತ ಹೇಳ್ರ್?"

ಹೇಳಿದೆ. ಸಿಸ್ಟರ್ ಆಮೇಲೆ ವಿವರಿಸಿದ್ದರು: ಹಳ್ಳಿಯ ಹೊರಗೆ ಒಂದು ಬಯಲು, ಅಲ್ಲಿ ಯಾರ ಮನೆಯೂ ಇಲ್ಲ, ಬೇಲಿಯಿಲ್ಲ, ಯಾರಿಗೂ ಸೇರದ ಜಾಗ, ಊರಿನವರು ಹಸು, ಬಾತು ಬಿಡುತ್ತಾರಂತೆ, ಒಣಕಟ್ಟಿಗೆ ತರುತ್ತಾರಂತೆ. ಅದರ ಹೆಸರೇ ಕಾಮನ್, ಅದನ್ನೇ ನನಗೆ ಕೊಟ್ಟಿದ್ದಾರೆ.

"ಯಾರಿಗೂ ಸೇರ್ದೇ ಇಪ್ಪುದಲ್ಲ ಮಾರಾಯ್ತಿ," ಅಜ್ಜಿ ಹುರುಳಿಕಾಯಿ ಕೆಳಗಿಟ್ಟರು. "ಎಲ್ರಿಗೂ ಸೇರಿದ್ದ್. ಅದ್ ಪರಂಬೋಕ್ ಅಲ್ದಾ!"

ನಾನು ಬೆಚ್ಚಿಬಿದ್ದೆ. ಮದರಾಸಿನಲ್ಲಿ ಅದು ಬೈಗುಳ. ಬಸ್ಸಿನ ಕಂಡಕ್ಟರ್ ಟಿಕೆಟ್ ತೆಗೆಯದವನನ್ನು ಇಳಿಸುವಾಗ 'ಪೊರಂಬೋಕ್ಕು' ಎಂದೇ ಇಳಿಸುತ್ತಿದ್ದ. ಕೆಲಸಕ್ಕೆ ಬಾರದವನು, ಗತಿಗೆಟ್ಟವನು, ಎಲ್ಲ ಅದೇ ಶಬ್ದ. ನಮ್ಮ ಮನೆಯಲ್ಲಿ ಆ ಮಾತು ಆಡಿದರೆ ಅಮ್ಮ ಬಾಯಿಗೆ ಮೆಣಸಿನಪುಡಿ ಹಾಕುತ್ತೇನೆ ಎನ್ನುತ್ತಿದ್ದರು.

"ಅಜ್ಜೀ! ಅದು ಕೆಟ್ಟ ಮಾತು!"

"ಕೆಟ್ಟ ಮಾತಾ? ಯಾರ್ ಹೇಳ್ರ್? ಕಂದಾಯ ಇಲ್ದೆ ಇಪ್ಪು ಜಾಗಕ್ಕೆ ಪರಂಬೋಕ್ ಅಂಬ್ರ್. ಸರ್ಕಾರಿ ಮಾತ್ ಅದ್. ಕಾಣ್, ಆ ಬಯಲ್ ಇತ್ತಲ್ದಾ, ಅದೂ ಪರಂಬೋಕೇ."

ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಾಲಿನ ಹೆಂಗಸನ್ನು ಅಜ್ಜಿ ಕೂಗಿ ಕೇಳಿದರು. ಆಕೆ ನಕ್ಕು, "ಆಮಾ ಪಾಟಿ, ಮೇಯ್ಚ್ಚಲ್ ಪೊರಂಬೋಕ್ಕು ದಾನ್, ನಮ್ಮ ಎಲ್ಲಾರ್ದುಂ," ಎಂದಳು. ಮೇಯುವ ಜಾಗ, ನಮ್ಮೆಲ್ಲರದು. ಎಷ್ಟು ಸಲೀಸಾಗಿ ಹೇಳಿದಳು! ಎಲ್ಲರಿಗೂ ಸೇರಿದ್ದು ಎಂಬ ಶಬ್ದ ಎರಡು ಭಾಷೆಯಲ್ಲೂ ಬೈಗುಳವಾದದ್ದು ಹೇಗೆ? ಯಾರು ಮಾಡಿದರು? ಎಲ್ಲರದ್ದನ್ನೂ ತನ್ನದು ಮಾಡಿಕೊಳ್ಳಬೇಕೆಂದಿದ್ದವನಲ್ಲದೆ ಬೇರೆ ಯಾರಿಗೆ ಬೇಕಾಗಿತ್ತು ಅದು? ಈ ಪ್ರಶ್ನೆ ಅಂದು ನನಗೆ ಹೀಗೆ ಸ್ಪಷ್ಟವಾಗಿ ಬಂದಿರಲಿಲ್ಲ. ಅಳು ಮಾತ್ರ ನಿಂತಿತ್ತು.

ಆ ಸಂಜೆ ಅಜ್ಜಿ ತಾನಾಗಿಯೇ ಒಂದು ಸಂಗತಿ ಹೇಳಿದರು. ಅಜ್ಜ ಮದರಾಸಿಗೆ ಬಂದು ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿದರು ಎಂದಷ್ಟೇ ನನಗೆ ಗೊತ್ತಿತ್ತು. ಯಾಕೆ ಬಂದರು ಎಂದು ಯಾರೂ ಹೇಳಿರಲಿಲ್ಲ.

"ಮನಿ ಹಿಂದೆ ಗುಡ್ಡೆ ಇತ್ತ್. ಊರ್ ದನ ಎಲ್ಲ ಅಲ್ಲೇ. ಸೊಪ್ಪು, ಸೌದೆ, ತರಗೆಲೆ, ಎಲ್ಲ ಅಲ್ಲಿಂದ್ಲೇ. ಯಾರನ್ನ್ ಕೇಂಬುದೂ ಬೇಡ. ಒಂದ್ ದಿನ ಧಣಿಯೋರ್ ಆಳ್ ಬಂದ್ ಸುತ್ತ ಗೂಟ ಹುಗ್ದ್ರ್. ಗೇರ್ ಹಾಕ್ತ್ರಂಬ್ರ್. ಕಚೇರಿ ಕಾಗದ ಇತ್ತಂಬ್ರ್. ನಿನ್ನ್ ಅಜ್ಜಯ್ಯ ಮತ್ತ್ ನಾಕ್ ಜನ ಹೋಯಿ ಗೂಟ ಕಿತ್ತ್ ಹಾಕ್ದ್ರ್."

"ಆಮೇಲೆ?"

"ಆಮೇಲೆ ಎಂತ? ಗೂಟ ಕದ್ದ್ರ್ ಅಂದೇಳಿ ಕೇಸ್. ಗುಡ್ಡೆ ಕದ್ದವ್ರಿಗೆ ಕೇಸ್ ಇಲ್ಲ, ಗೂಟ ಕಿತ್ತವ್ರಿಗೆ ಮೂರ್ ತಿಂಗ್ಳ್ ಜೈಲ್. ಹೊರಗ್ ಬಂದ್ ಮೇಲೆ ಊರಂಗೆ ಮುಖ ಎತ್ತುಕಾತಿಲ್ಲ. ಕಳ್ಳ, ಕಳ್ಳ. ಸಾಯೂವರೆಗೂ ಆ ಮಾತ್ ಅವ್ರ್ ಹೊಟ್ಟೆಂಗಿತ್ತ್."

ಸ್ವಲ್ಪ ಹೊತ್ತು ನಾರು ತೆಗೆದು, ಮತ್ತೆ ಹೇಳಿದರು. "ಕಚೇರಿ ಪುಸ್ತಕದಂಗೆ ಕಳ್ಳ ಅಂದೇಳಿ ಇತ್ತ್. ಅಲ್ಲ ಅಂದೇಳಿ ಎಲ್ಲೂ ಬರ್ದಿಲ್ಲ. ನೀ ಬರಿ ಮಗಾ. ಇಂಗ್ಲಿಷಂಗೇ ಬರಿ. ಕಚೇರಿಯವ್ರೂ ಇಂಗ್ಲಿಷಂಗೇ ಬರ್ದದ್ದಲ್ದಾ."

ಮಾರನೆಯ ದಿನ ಪಾರ್ಸೆಲಿನಲ್ಲಿ ನನ್ನ ಪಾಲಿನ ಕಾಗದಗಳನ್ನು ನಾನು ಬೇರೆ ಕಣ್ಣಿನಿಂದ ಓದಿದೆ. ಹಳ್ಳಿಯ ಕಾಮನ್ ಈಗ ಇರಲಿಲ್ಲ. ನಕ್ಷೆಯಲ್ಲಿದ್ದದ್ದು ಹೆಸರು ಮಾತ್ರ. ಯಾವಾಗಲೋ ಅದಕ್ಕೆ ಮುಳ್ಳಿನ ಗಿಡದ ಬೇಲಿ ಬಿದ್ದಿತ್ತು. ಒಂದು ಅರ್ಜಿಯ ಪ್ರತಿ ಸಿಕ್ಕಿತು. ಊರಿನ ಬಡವರು ಬರೆಸಿದ್ದು: ನಮ್ಮ ಹಸುಗಳು ಎಲ್ಲಿ ಮೇಯಬೇಕು, ನಮ್ಮ ಬಾತುಗಳು ಎಲ್ಲಿಗೆ ಹೋಗಬೇಕು, ಚಳಿಗಾಲಕ್ಕೆ ಸೌದೆ ಎಲ್ಲಿಂದ. ಕೆಳಗೆ ಸಹಿ ಬಾರದವರ ಗುರುತುಗಳು, ಸಾಲಾಗಿ ಅಡ್ಡ ಉದ್ದ ಗೆರೆಗಳು. ಇನ್ನೊಂದು ಕಾಗದದಲ್ಲಿ ಒಬ್ಬ ಕೂಲಿಯವನ ವಿಷಯ ಮೂರು ಸಾಲು ಇತ್ತು. ಬೇಲಿಯ ಗೂಟಗಳನ್ನು ಕಿತ್ತೊಯ್ದ ಕಳ್ಳತನಕ್ಕಾಗಿ ಜೈಲು.

ನಾನು ಆ ಮೂರು ಸಾಲನ್ನು ಎಷ್ಟು ಸಲ ಓದಿದೆನೋ. ಟೋಪಿ ಹಾಕಿದ ಕೆಂಪು ಮುಖದ ಒಬ್ಬ ಮನುಷ್ಯ, ಬೈರಾಸು ಹೆಗಲಿಗೆ ಹಾಕಿದ ನನ್ನ ಅಜ್ಜ. ಒಂದೇ ಗೂಟದ ಎರಡು ತುದಿ ಹಿಡಿದು ಎಳೆಯುತ್ತಿದ್ದ ಹಾಗೆ ಕಾಣಿಸುತ್ತಿತ್ತು.

ಬರೆದೆ. ಹಳ್ಳಿಯ ಸೊಗಸನ್ನೆಲ್ಲ ಬರೆದೆ, ಗಂಟೆ, ಬಾತು, ಸುಗ್ಗಿಯ ಊಟ, ಅವರಿಗೆ ಬೇಕಾದದ್ದೆಲ್ಲ. ಕೊನೆಯ ಎರಡು ಪುಟದಲ್ಲಿ ಕಾಮನ್ ಹೋದ ಕತೆ. ಆ ಕೂಲಿಯವನನ್ನು ಕಳ್ಳ ಎಂದು ಬರೆದಿದ್ದಾರೆ, ನನ್ನ ಅಜ್ಜನನ್ನೂ ಕಳ್ಳ ಎಂದು ಬರೆದಿದ್ದಾರೆ. ಇಬ್ಬರೂ ಕಳ್ಳರಲ್ಲ, ಕಳವಾದದ್ದು ಬಯಲು, ಗೂಟವಲ್ಲ ಎಂದು ಬರೆದೆ. ಹದಿನಾರು ವರ್ಷದ ಹುಡುಗಿಯ ಇಂಗ್ಲಿಷ್, ಅಲ್ಲಲ್ಲಿ ತೊದಲಿರಬಹುದು. ಆದರೆ ಅದರ ನಂತರ ಜೀವಮಾನವೆಲ್ಲ ನಾನು ಬರೆದದ್ದರಲ್ಲಿ ಅಷ್ಟು ನೆಟ್ಟಗಿನ ಎರಡು ಪುಟ ಮತ್ತೆ ಬರಲಿಲ್ಲ.

ಸಿಸ್ಟರ್ ನನ್ನನ್ನು ವೆರಾಂಡಕ್ಕೆ ಕರೆದರು. ಕೈಯಲ್ಲಿ ನನ್ನ ನೋಟ್‌ಬುಕ್ ಇತ್ತು, ಮುಖ ಸುಣ್ಣದ ಹಾಗೆ ಬಿಳುಚಿತ್ತು.

"ಎಲ್ಲರಿಗಿಂತ ಚೆನ್ನಾಗಿ ಬರೆದಿದ್ದೀಯ," ಎಂದರು ಇಂಗ್ಲಿಷಿನಲ್ಲಿ. "ಕೊನೆಯ ಎರಡು ಪುಟ ಯಾರು ಹೇಳಿಕೊಟ್ಟದ್ದು?"

"ನಿಮ್ಮ ಕಾಗದಗಳಲ್ಲೇ ಇತ್ತು, ಸಿಸ್ಟರ್. ಮಿಕ್ಕದ್ದು ನನ್ನ ಅಜ್ಜಿ ಹೇಳಿದ್ದು."

"ಆ ಮುಳ್ಳಿನ ಬೇಲಿಯನ್ನು ನೆಡಿಸಿದವರು ನನ್ನ ತಾಯಿಯ ಮನೆಯವರು. ಪ್ರತಿ ಮೇ ತಿಂಗಳಲ್ಲೂ ಅದು ಬೆಳ್ಳಗೆ ಹೂ ಬಿಡುತ್ತದೆ. ನಾನು ಸನ್ಯಾಸಕ್ಕೆ ಹೊರಟ ದಿನ ಕೊನೆಗೆ ನೋಡಿದ್ದು ಅದನ್ನೇ." ನೋಟ್‌ಬುಕ್ ಮುಚ್ಚಿದರು. "ನಿನಗೆ ನಾನು ನನ್ನ ಮನೆಯನ್ನು ತೋರಿಸಿದೆ. ನೀನು ಅದರೊಳಗೆ ನಿನ್ನ ಮನೆಯ ಒಂದು ಪೊಲೀಸ್ ಕೇಸನ್ನು ತಂದು ಹಾಕಿದೆ."

ಆಗ ಅವರು ಹೇಳಿಯೇಬಿಟ್ಟರು. "ಇಟ್ ಈಸ್ ಸೋ ವೆರಿ ಕಾಮನ್, ಮೈ ಡಿಯರ್."

ಆ ಎರಡು ಪುಟ ತೆಗೆದು ಫೇರ್ ಕಾಪಿ ಮಾಡಿ ಕೊಟ್ಟರೆ ಬರಹವೂ ಪುಸ್ತಕಕ್ಕೆ ಹೋಗುತ್ತದೆ, ಪತ್ರವೂ ಸಿಗುತ್ತದೆ ಎಂದರು. ಇಲ್ಲದಿದ್ದರೆ ಜಡ್ಜ್ ಮಗಳು ಬರೆದ ಮ್ಯಾನರ್ ಹೌಸ್ ಹೋಗುತ್ತದೆ. ನಾನು ತೆಗೆಯುವುದಿಲ್ಲ ಎಂದೆ. ಧೈರ್ಯದಿಂದ ಅಂದೆ ಎಂದು ಯಾರೂ ತಿಳಿಯಬೇಡಿ. ಅಜ್ಜಿಗೆ ಏನು ಹೇಳಲಿ ಎಂಬ ಹೆದರಿಕೆಯಿಂದ ಅಂದೆ.

ಶಾಲೆಯಿಂದ ಅಪ್ಪನಿಗೆ ಚೀಟಿ ಬಂತು. ಅಪ್ಪ ಅಂದು ಹೋಟೆಲ್ ಬಿಟ್ಟು, ಮಲ್ಲು ಪಂಚೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಒಂದು ಡಬ್ಬಿ ಮೈಸೂರ್‌ಪಾಕ್ ಹಿಡಿದು ನನ್ನ ಜೊತೆ ಬಸ್ ಹತ್ತಿದರು. ಬಂದವರನ್ನು ಕಾಣುವ ಕಾನ್ವೆಂಟಿನ ಪಾರ್ಲರ್‌ನಲ್ಲಿ ಪಾಲಿಶ್ ಮಾಡಿದ ಕುರ್ಚಿಗಳು ಆರು ಇದ್ದವು. ಸಿಸ್ಟರ್ ಕೂತರು. ಅಪ್ಪನಿಗೆ ಕೂರಲು ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲವೋ, ಮರೆತರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪ ನಿಂತೇ ಇದ್ದರು. ಅವರ ಮೂರನೆಯ ಕ್ಲಾಸಿನ ಇಂಗ್ಲಿಷನ್ನು ನಾನು ಹೇಗೆ ಬರೆಯಲಿ? ಹುಡುಗಿ ಚಿಕ್ಕವಳು, ಮುದುಕಿ ಏನೋ ಕತೆ ಹೇಳಿದ್ದಾಳೆ, ಇವಳು ಬರೆದಿದ್ದಾಳೆ, ಕ್ಷಮಿಸಬೇಕು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಸಿಸ್ಟರ್ ಏನೂ ಹೇಳದೆ ಕೂತಿದ್ದರಲ್ಲ, ಆ ಮೌನಕ್ಕೆ ಹೆದರಿ ಅಪ್ಪ ಇನ್ನೂ ಒಂದು ಮಾತು ಸೇರಿಸಿದರು.

"ಮೈ ಫಾದರ್ ನೋ ಎಜುಕೇಷನ್, ಸಿಸ್ಟರ್. ಹೀ ಡಿಡ್ ಸ್ಟೀಲಿಂಗ್. ಬ್ಯಾಡ್ ಟೈಮ್."

ಸಿಸ್ಟರ್ ಆಗ ನಕ್ಕರು. ಕರುಣೆಯ ನಗು. "ವಿ ಶಲ್ ಸೇ ನೋ ಮೋರ್ ಅಬೌಟ್ ಇಟ್," ಎಂದು ಮೈಸೂರ್‌ಪಾಕಿನ ಡಬ್ಬಿಯನ್ನು ತೆಗೆದುಕೊಂಡರು.

ಬಸ್ ಸ್ಟಾಪಿನಲ್ಲಿ ನಾನು ಅಪ್ಪನ ಮೇಲೆ ಹರಿಹಾಯ್ದೆ. "ಅಜ್ಜ ಕಳ್ಳ ಅಂತ ಹೇಳಿದ್ರಲ್ಲ! ನಿಮ್ಮ ಅಪ್ಪ ತಾನೆ ಅವರು?"

"ಮೆಲ್ಲಗೆ," ಅಪ್ಪ ಸುತ್ತ ನೋಡಿದರು. "ಸತ್ತು ಇಪ್ಪತ್ತು ವರ್ಷ ಆಯ್ತು ಅವರು. ಅವರಿಗೆ ಇನ್ನು ಸೀಟು ಬೇಡ. ಬೇಕಾಗಿರೋದು ನಿನಗೆ ತಾನೆ?"

"ನನಗೆ ಬೇಡ."

"ಬೇಡವಾ? ಸೇಲಂಗೆ ಬರೆದುಬಿಡ್ಲಾ, ಈಗಲೇ?" ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ದಣಿವಿತ್ತು. "ಎರಡು ಪೇಜು ತಾನೆ ಮಗಳೇ. ಕಿತ್ತು ಹಾಕು. ಅವರು ಗೂಟ ಕಿತ್ತು ಏನು ಸಿಕ್ತು? ನಿನಗಾದ್ರೂ ಕಿತ್ತದ್ದಕ್ಕೆ ಏನಾದ್ರೂ ಸಿಗಲಿ."

ಅರವತ್ತು ವರ್ಷವಾಯಿತು, ಈ ಮಾತಿನ ಮೇಲಿನ ಸಿಟ್ಟು ಇನ್ನೂ ಆರಿಲ್ಲ.

ಪುಟಗಳನ್ನು ತೆಗೆದೆ. ಫೇರ್ ಕಾಪಿ ಮಾಡಿದೆ, ಕಾನ್ವೆಂಟ್ ಕಲಿಸಿದ ದುಂಡಗಿನ ಅಕ್ಷರದಲ್ಲಿ, ಒಂದು ಮಸಿ ಚುಕ್ಕೆಯೂ ಬೀಳದ ಹಾಗೆ. ತೆಗೆದ ಜಾಗಕ್ಕೆ ಒಂದು ವಾಕ್ಯವನ್ನು ಸಿಸ್ಟರ್ ಅವರೇ ಹೇಳಿ ಬರೆಸಿದರು. ಕಾಲಕ್ರಮದಲ್ಲಿ ಕಾಮನ್‌ಗೆ ಬೇಲಿ ಹಾಕಿ ನೆಲವನ್ನು ಉತ್ತಮಪಡಿಸಲಾಯಿತು. 'ಇಂಪ್ರೂವ್ಡ್.' ಆ ಶಬ್ದದ ಸ್ಪೆಲಿಂಗ್ ಸರಿಯಿದೆಯೇ ಎಂದು ಬಗ್ಗಿ ನೋಡಿದರು. ಸರಿಯಿತ್ತು. ನನ್ನ ತಲೆ ಸವರಿದರು. ನಾನು ಸುಮ್ಮನೆ ಸವರಿಸಿಕೊಂಡೆ.

ಪತ್ರ ಸಿಕ್ಕಿತು, ಸೀಟೂ ಸಿಕ್ಕಿತು. ಕಾಲೇಜಿನ ಎರಡನೆಯ ವರ್ಷದಲ್ಲಿ ನಾನಿದ್ದಾಗ ಆ ಪುಸ್ತಕ ಬಂತು. ಹಸಿರು ರಟ್ಟು, ಮೇಲೆ ಗೋಪುರದ ಚಿತ್ರ. ನನ್ನ ಬರಹ ಕೊನೆಯ ನಾಲ್ಕು ಪುಟ. ಹೆಸರು ಇರಲಿಲ್ಲ, 'ಮದರಾಸಿನ ಒಬ್ಬ ವಿದ್ಯಾರ್ಥಿನಿ' ಎಂದಿತ್ತು. ಅದೂ ಒಂದು ದಯೆಯೇ. ಆ ವಾಕ್ಯದ ಕೆಳಗೆ ನನ್ನ ಹೆಸರು ಇಲ್ಲ.

ಅಜ್ಜಿಗೆ ಆಗ ಕಣ್ಣು ಮಂಜಾಗಿತ್ತು. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಸವರಿದರು.

"ಸೀಮೆಂಗೆ ಅಚ್ಚಾಯ್ತಾ?" ಸೀಮೆ ಎಂದರೆ ಅಜ್ಜಿಗೆ ಇಂಗ್ಲೆಂಡು.

"ಆಯ್ತು ಅಜ್ಜಿ."

"ಅಜ್ಜಯ್ಯಂದ್ ಇತ್ತಾ?"

ಅಪ್ಪ ಅಲ್ಲೇ ಈಸಿ ಚೇರಿನಲ್ಲಿ ಪೇಪರ್ ಹಿಡಿದು ಕೂತಿದ್ದರು. ಪೇಪರ್ ಅಲುಗಲಿಲ್ಲ.

"ಇದೆ ಅಜ್ಜಿ."

"ಓದ್ ಕಾಂಬ."

ನಾನು ಆ ಪುಟ ತೆಗೆದು, ಅಲ್ಲಿ ಇಲ್ಲದ ಎರಡು ಪುಟವನ್ನು ಕನ್ನಡದಲ್ಲಿ ಓದಿದೆ. ಬಾಯಿಪಾಠ ಬರುತ್ತಿತ್ತು. ಟೋಪಿಯ ಕೂಲಿಯವನು, ಅಜ್ಜ, ಗೂಟ, ಗುಡ್ಡೆ. ಕಳವಾದದ್ದು ಬಯಲು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ತೋರುಬೆರಳು ಚಾಚಿದರು.

"ಕಳ್ಳ ಅಲ್ಲ ಅಂದೇಳಿ ಎಲ್ಲಿ ಬರ್ದಿತ್ತ್? ಬೆರಳ್ ಇಡ್ಸ್."

ನಾನು ಅವರ ಬೆರಳು ಹಿಡಿದು ಪುಟದ ಮೇಲಿಟ್ಟೆ. ಎಲ್ಲಿಡಬೇಕಿತ್ತು? ಅದು ಹೋಗಿ ಕೂತದ್ದು 'ಇಂಪ್ರೂವ್ಡ್' ಎಂಬ ಶಬ್ದದ ಮೇಲೆ. ಅಜ್ಜಿ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿಸಿದರು. ಅಂದಿನಿಂದ ಯಾರೇ ಬರಲಿ, ಊರ ಕಡೆಯ ನೆಂಟರು, ಹೋಟೆಲಿನ ಅಡಿಗೆ ಭಟ್ಟರು, ಹಾಲಿನ ಹೆಂಗಸು, ಪುಸ್ತಕ ತೆಗೆಸಿ, ಗುರುತಿನ ಮೇಲೆ ಬೆರಳಿಟ್ಟು ತೋರಿಸುವರು. "ಕಾಣಿ, ಸೀಮೆಯವ್ರೇ ಬರ್ದ್ ಹಾಕಿದ್ರ್. ಅವ್ರ್ ಕಳ್ಳ ಅಲ್ಲ." ಬಂದವರಲ್ಲಿ ಇಂಗ್ಲಿಷ್ ಬಲ್ಲವರು ಇರಲಿಲ್ಲ. ಹೌದೌದು ಎಂದು ಪುಸ್ತಕವನ್ನು ಕಣ್ಣಿಗೊತ್ತಿಕೊಂಡವರೂ ಉಂಟು.

ಒಂದು ಭಾನುವಾರ ಮಧ್ಯಾಹ್ನ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸದಲ್ಲಿದ್ದ ನಮ್ಮ ಕಡೆಯವರೊಬ್ಬರು ಊಟಕ್ಕೆ ಬಂದರು. ಬಿ.ಎ. ಪಾಸಾದವರು. ಅಜ್ಜಿ ಪುಸ್ತಕವನ್ನು ಅವರ ಕೈಗೇ ಕೊಟ್ಟರು. ಅವರು ಕನ್ನಡಕ ಹಾಕಿಕೊಂಡು ಪೆನ್ಸಿಲ್ ಗುರುತಿನ ಸಾಲನ್ನು ಓದಿದರು, ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಓದಿದರು. ಏನೋ ಹೇಳಲು ಬಾಯಿ ತೆರೆದರು. ನನ್ನ ಕೈಯಲ್ಲಿ ಮಜ್ಜಿಗೆಯ ಲೋಟ ಇತ್ತು.

ಅಪ್ಪ ಎದ್ದು ಬಂದು ಅವರ ಕೈಯಿಂದ ಪುಸ್ತಕ ತೆಗೆದುಕೊಂಡರು. ಆ ಸಾಲನ್ನು ಅಪ್ಪ ಅದುವರೆಗೂ ನೋಡಿರಲಿಲ್ಲ. ಅಕ್ಷರ ಅಕ್ಷರ ಕೂಡಿಸಿಕೊಂಡು, ತುಟಿ ಅಲುಗಿಸುತ್ತಾ ಓದಿದರು. ಎಷ್ಟು ಅರ್ಥವಾಯಿತೋ, ಕಳ್ಳ ಎಂಬುದೂ ಅಲ್ಲಿಲ್ಲ, ಅಲ್ಲ ಎಂಬುದೂ ಇಲ್ಲ ಎಂಬಷ್ಟು ಆಗಿರಬೇಕು. ನನ್ನ ಮುಖ ನೋಡಿದರು. ಆಮೇಲೆ ಅಜ್ಜಿಯ ಪಕ್ಕ ನೆಲದ ಮೇಲೆ ಕೂತು, ಅವರ ಬೆರಳನ್ನು ಹಿಡಿದು, ಮತ್ತೆ ಅದೇ ಶಬ್ದದ ಮೇಲಿಟ್ಟರು.

"ಹೌದಮ್ಮ," ಎಂದರು ಅಪ್ಪ. "ಇಲ್ಲೇ ಇದೆ."